ಐನೂರರ ನೋಟಿಗೆ ರಫೂ

ರಫೂ ಮಾಸ್ತರರ ಕಸುಬಿನಲ್ಲಿ ಒಂದು ದೊಡ್ಡ ಅನ್ಯಾಯವಿತ್ತು. ಕೆಲಸ ಕೆಟ್ಟರೆ ಊರಿಗೆಲ್ಲ ಕಾಣುತ್ತಿತ್ತು. ಚೆನ್ನಾಗಿ ಆದರೆ ಯಾರಿಗೂ ಕಾಣುತ್ತಿರಲಿಲ್ಲ. ಕೋಟಿನ ತೋಳಿಗೆ ಸಿಗರೇಟು ತಗುಲಿ ಆದ ತೂತು, ಪ್ಯಾಂಟಿಗೆ ಮೊಳೆ ಸಿಕ್ಕಿ ಆದ ಹರುಕು, ಇಲಿ ಕಡಿದ ಶಾಲು, ಇವನ್ನೆಲ್ಲ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು, ನೂಲಿಗೆ ನೂಲು ಹೆಣೆದು, ಅಲ್ಲೊಂದು ತೂತು ಇತ್ತೆಂಬ ಸುದ್ದಿಯೇ ಇಲ್ಲದಂತೆ ಮಾಡಿಬಿಡುತ್ತಿದ್ದರು. ಗಿರಾಕಿ ಬಂದು ಕೋಟನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ತೂತು ಎಲ್ಲಿತ್ತು?" ಎನ್ನುತ್ತಿದ್ದ. ತೋರಿಸಲು ಹೋದರೆ ಮಾಸ್ತರರಿಗೂ ಸಿಗುತ್ತಿರಲಿಲ್ಲ. "ಏನೂ ಇಲ್ಲದ ಜಾಗಕ್ಕೆ ಇಷ್ಟು ಕೂಲೀನಾ?" ಎಂದು ಅಲ್ಲಿಂದ ಚೌಕಾಸಿ ಶುರುವಾಗುತ್ತಿತ್ತು. ಮೂವತ್ತೆರಡು ವರ್ಷಗಳಿಂದ ಇದೇ ಹಾಡು. ಹೊಲಿಗೆ ಯಂತ್ರದಲ್ಲಿ ದಿಂಬಿನ ಚೀಲ ಹೊಲಿಯುವವನಿಗೂ ಯಾರಾದರೂ "ಭೇಷ್" ಎಂದಾರು, ಮಾಸ್ತರರಿಗೆ ಒಬ್ಬರೂ ಅಂದದ್ದಿಲ್ಲ.

ಅವರ ಅಂಗಡಿ ಎಂದರೆ ಒಂದು ಲಾಂಡ್ರಿಯ ಪಕ್ಕದ ಮೆಟ್ಟಿಲ ಕೆಳಗಿನ ಜಾಗ. ಒಂದು ಸ್ಟೂಲು, ಒಂದು ಇಸ್ತ್ರಿ ಪೆಟ್ಟಿಗೆ, ಒಂದು ಬಲ್ಬು. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತದೆಂದು ಅವರು ಕೂತೇ ಇರುತ್ತಿದ್ದರು. ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಲಾಂಡ್ರಿಯ ಮಾಲೀಕ ಕಳಿಸಿದ್ದು. ಆದ್ದರಿಂದ ಲಾಂಡ್ರಿಯವನು ನಕ್ಕರೆ ಮಾಸ್ತರರೂ ನಗುತ್ತಿದ್ದರು, ಅವನು ಕೆಮ್ಮಿದರೆ ನೀರು ತಂದುಕೊಡುತ್ತಿದ್ದರು.

ಒಂದು ಮಧ್ಯಾಹ್ನ ಅವರು ಒಂದು ಕೋಟಿನ ಒಳಬಟ್ಟೆ ಕತ್ತರಿಸುತ್ತಿದ್ದರು. ಹೆಂಡತಿಯ ಕಣ್ಣಿಗೆ ಬೀಳದಿರಲಿ ಎಂದು ಐನೂರರ ಎರಡು ನೋಟುಗಳನ್ನು ಒಂದರ ಮೇಲೊಂದಿಟ್ಟು ಅದೇ ಬಟ್ಟೆಯ ಮಡಿಕೆಯಲ್ಲಿ ಬಚ್ಚಿಟ್ಟದ್ದು ಬೆಳಿಗ್ಗೆ; ಮಧ್ಯಾಹ್ನಕ್ಕೆ ಅದು ಮರೆತೇಹೋಗಿತ್ತು. ಕತ್ತರಿ ಕರಕ್ಕೆಂದಿತು. ಬಟ್ಟೆ ಇಷ್ಟು ಗಟ್ಟಿ ಯಾಕೆ ಎಂದು ಬಿಡಿಸಿ ನೋಡಿದರೆ ಎರಡು ನೋಟು ಹೋಗಿ ನಾಲ್ಕು ತುಂಡು ಆಗಿದ್ದವು.

ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈ ಹೊತ್ತುಕೊಂಡು ನೇರ ಬ್ಯಾಂಕಿಗೆ ಹೋಗುತ್ತಿದ್ದರು. ಆದರೆ ಮಾಸ್ತರರ ಗ್ರಹಚಾರಕ್ಕೆ ಅದೇ ಕೋಟಿನ ಜೇಬಿನಲ್ಲಿ ಒಂದು ಪುಸ್ತಿಕೆ ಸಿಕ್ಕಿತು. ನೋಟು ಅಚ್ಚು ಹಾಕಿಸುವ ದೊಡ್ಡ ಬ್ಯಾಂಕಿನವರು ಹಂಚಿದ್ದು: "ನೋಟು, ನಾಣ್ಯಗಳ ಬಗ್ಗೆ ಸಾರ್ವಜನಿಕರ ಮೂವತ್ತು ಪ್ರಶ್ನೆಗಳು." ಮಾಸ್ತರರು ಓದಲು ಕೂತರು. ಮೂರನೇ ಪ್ರಶ್ನೆ, ನೋಟನ್ನು ಯಾವುದರಿಂದ ಮಾಡುತ್ತಾರೆ? ಉತ್ತರ, ನಾವೆಲ್ಲ ತಿಳಿದಂತೆ ಅದು ಮಾಮೂಲಿ ಕಾಗದವಲ್ಲ, ಹತ್ತಿಯ ನಾರು.

ಅಲ್ಲಿಗೆ ಅವರು ಪುಸ್ತಿಕೆ ಮುಚ್ಚಿದರು. ಹತ್ತಿ ಎಂದ ಮೇಲೆ ಅದು ತಮ್ಮ ಇಲಾಖೆ! ಹದಿನಾಲ್ಕನೇ ಪ್ರಶ್ನೆಯಲ್ಲಿ ಹರಿದ ನೋಟನ್ನು ಏನು ಮಾಡಬೇಕೆಂದು ಸ್ಪಷ್ಟವಾಗಿ ಬರೆದಿತ್ತು. ಇನ್ನು ಹನ್ನೊಂದು ಪ್ರಶ್ನೆ ದಾಟುವ ತಾಳ್ಮೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ರೇಷ್ಮೆ ಬಟ್ಟೆಯೊಂದರಿಂದ ಕೂದಲಿಗಿಂತ ಸಣ್ಣ ಎಳೆ ಕಿತ್ತು, ಬಣ್ಣಕ್ಕೆ ಬಣ್ಣ, ಗೆರೆಗೆ ಗೆರೆ ಕೂಡಿಸಿ, ಎರಡು ಮಧ್ಯಾಹ್ನ ಉಸಿರು ಬಿಗಿಹಿಡಿದು ಅವರು ನೋಟುಗಳನ್ನು ರಫೂ ಮಾಡಿದರು. ಮೇಲೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಎಳೆದರು. ಮೊದಲನೆಯದನ್ನು ದಿನಸಿ ಅಂಗಡಿಯಲ್ಲಿ ಕೊಟ್ಟರು. ಅಂಗಡಿಯವನು ಬೆಳಕಿಗೆ ಹಿಡಿದ, ಉಜ್ಜಿದ, ಗಲ್ಲಾಪೆಟ್ಟಿಗೆಗೆ ಹಾಕಿದ. ಎರಡನೆಯದನ್ನು ಲಾಂಡ್ರಿಯವನಿಗೆ ಕೊಟ್ಟು ನೂರರ ಐದು ನೋಟು ಚಿಲ್ಲರೆ ತಂದರು. ಅವನೂ ನೋಡಿದ, ಡ್ರಾಯರಿಗೆ ಎಸೆದ.

ಮನುಷ್ಯ ಇಷ್ಟಕ್ಕೇ ಸುಮ್ಮನಿರಬೇಕಿತ್ತು. ಆದರೆ ಜನ್ಮದಲ್ಲೇ ಇಂಥ ಕೆಲಸ ಇನ್ನೊಂದು ಮಾಡಿರಲಿಲ್ಲ, ಅದನ್ನೂ ಯಾರೂ ಕಾಣಲಿಲ್ಲವಲ್ಲ ಎಂದು ಅವರ ಹೊಟ್ಟೆ ಉರಿಯತೊಡಗಿತು. ಮೂರು ದಿನ ತಡೆದರು. ನಾಲ್ಕನೇ ದಿನ ಲಾಂಡ್ರಿಯೊಳಗೆ ಹೋಗಿ ಮೇಜಿಗೊರಗಿ ನಿಂತು, "ಅವತ್ತು ನಾನು ಕೊಟ್ಟ ಐನೂರರ ನೋಟು ಇದೆಯಾ?" ಎಂದು ಕೇಳಿದರು.

"ಇದೆ. ಯಾಕೆ ಮಾಸ್ಟ್ರೇ?"

"ಅದು ಎರಡು ತುಂಡಾಗಿತ್ತು. ರಫೂ ಮಾಡಿದ್ದೀನಿ. ಎಲ್ಲಿ ಅಂತ ಕಂಡುಹಿಡೀರಿ ನೋಡೋಣ."

ಲಾಂಡ್ರಿಯವನು ನೋಟನ್ನು ತೆಗೆದ. ಕಲೆ ಹುಡುಕುವ ಕಸುಬಿನವನ ಕಣ್ಣು ಅದು, ಕಾಲರಿನ ಅಂಚಿನ ಸಾಸಿವೆಯಷ್ಟು ಶಾಯಿಯನ್ನೂ ಬಿಡುವುದಿಲ್ಲ. ಆದರೂ ಹೊಲಿಗೆ ಸಿಗಲಿಲ್ಲ. ಸಿಕ್ಕಿದ್ದು ಬೇರೆ.

"ಮಾಸ್ಟ್ರೇ, ಇದೇನಿದು? ಈ ಕಡೆ ಒಂದು ನಂಬರು, ಆ ಕಡೆ ಇನ್ನೊಂದು ನಂಬರು!"

ಮಾಸ್ತರರು ಬಗ್ಗಿ ನೋಡಿದರು. ನಿಜ. ಒಟ್ಟಿಗೆ ಕತ್ತರಿಸಿದ ನೋಟುಗಳ ಅಂಚು ಒಂದೇ ಅಚ್ಚಿನಲ್ಲಿ ಎರೆದ ಹಾಗಿತ್ತು; ಇದರ ಎಡಕ್ಕೆ ಅದರ ಬಲ ಹೋಗಿ ಕೂತಿತ್ತು. ಬಟ್ಟೆಗೆ ನಂಬರು ಇರುತ್ತದೆಯೇ? ಅವರು ನೂಲು ನೋಡಿದ್ದರು, ಬಣ್ಣ ನೋಡಿದ್ದರು, ನಂಬರು ನೋಡುವ ಅಭ್ಯಾಸವೇ ಇರಲಿಲ್ಲ.

"ನನಗೇ ಕಳ್ಳನೋಟು ತಳ್ಳಿ, ಮೇಲೆ ರಫೂ ಕಥೆ ಬೇರೆ ಹೇಳ್ತೀಯಾ?" ಎಂದ ಲಾಂಡ್ರಿಯವನು. 'ನೀವು' ಹೋಗಿ 'ನೀನು' ಬಂದದ್ದನ್ನು ಮಾಸ್ತರರು ಗಮನಿಸಿದರು.

"ಕಳ್ಳನೋಟಲ್ಲ, ಹೊಲಿದ ನೋಟು! ಹೆಂಡತಿಗೆ ಕಾಣದ ಹಾಗೆ ಬಚ್ಚಿಟ್ಟ ಎರಡು ನೋಟು ಒಟ್ಟಿಗೆ ಕತ್ತರಿಗೆ ಸಿಕ್ಕಿ ತುಂಡು ಅದಲುಬದಲಾಗಿದೆ!"

"ಹೊಲಿಗೆ ಎಲ್ಲಿದೆ? ತೋರಿಸು!"

ಮಾಸ್ತರರು ನೋಟು ಕೈಗೆ ತೆಗೆದುಕೊಂಡು ನೋಡಿದರು. ಕಾಣಲಿಲ್ಲ. ಬೆರಳಿನಿಂದ ಸವರಿದರು. ಸಿಗಲಿಲ್ಲ. ಅಷ್ಟು ಚೆನ್ನಾಗಿ ಆಗಿತ್ತು ಕೆಲಸ.

"ಚಿಲ್ಲರೆ ವಾಪಸ್ ಕೊಡು. ಈ ನೋಟು ಹೊಲಿದದ್ದು ಅಂತ ದೊಡ್ಡ ಬ್ಯಾಂಕಿನವರು ಬಾಯಿಬಿಟ್ಟು ಹೇಳಲಿ, ಆಮೇಲೆ ಮಾತು. ಇಲ್ಲಾಂದ್ರೆ ನಾಳೆಯಿಂದ ನನ್ನ ಅಂಗಡಿಯ ಒಂದು ಕರವಸ್ತ್ರವೂ ನಿನ್ನ ಮೆಟ್ಟಿಲ ಕೆಳಗೆ ಬರಲ್ಲ."

"ಹೇಳಿಸ್ತೀನಿ. ಹೇಳಿಸಿದ ಮೇಲೆ ಚಿಲ್ಲರೆ ಯಾಕೆ ಕೊಡಲಿ? ನಡೀರಿ ನೀವೇ ಸಾಕ್ಷಿಗೆ," ಎಂದರು ಮಾಸ್ತರರು. ಲಾಂಡ್ರಿಯವನಿಗೆ ಅವರು ಎದುರುತ್ತರ ಕೊಟ್ಟದ್ದು ಅದೇ ಮೊದಲು. ಕೊಟ್ಟವರೇ ಮೆಟ್ಟಿಲ ಕೆಳಗೆ ಹೋಗಿ ಕೂತರು.

ಮರುದಿನ ಬಸ್ಸಿನಲ್ಲಿ ಮೂವರು ಹೊರಟರು. ಮೂರನೆಯವರು ಮಾಸ್ತರರ ಹೆಂಡತಿ. ಬಚ್ಚಿಟ್ಟ ದುಡ್ಡಿನ ಸಂಗತಿ ಲಾಂಡ್ರಿಯವನ ಬಾಯಿಂದ ಅವರ ಕಿವಿಗೆ ಹೋಗಿತ್ತು. "ನನಗೆ ಗೊತ್ತಿಲ್ಲದ ಹಾಗೆ ಎರಡು ನೋಟು! ಕತ್ತರಿ ಬಿದ್ದಿದ್ದು ಸರಿಯಾಗೇ ಇದೆ," ಎಂದು ಅವರು ದಾರಿಯುದ್ದಕ್ಕೂ ಕಿಟಕಿಗೆ ಹೇಳುತ್ತಿದ್ದರು.

ದೊಡ್ಡ ಬ್ಯಾಂಕಿನ ಸಾರ್ವಜನಿಕ ಸೇವಾ ವಿಭಾಗ ದೊಡ್ಡದೇ. ಟೋಕನ್ ಯಂತ್ರ, ಸಾಲು ಕುರ್ಚಿ, ಗೋಡೆಯ ಮೇಲೆ ಅದೇ ಮೂವತ್ತು ಪ್ರಶ್ನೆ ಬರೆದ ಫಲಕ. ಒಬ್ಬರು ನೆನೆದು ಮುದ್ದೆಯಾದ ನೋಟು ತಂದಿದ್ದರು, ಇನ್ನೊಬ್ಬರು ಚೀಲದ ತುಂಬ ನಾಣ್ಯ. ಕೌಂಟರಿನ ಹುಡುಗಿ ತಲೆ ಎತ್ತದೆ "ನಿಮ್ಮದು ಹದಿನಾಲ್ಕನೇ ಪ್ರಶ್ನೆ", "ನಿಮ್ಮದು ಇಪ್ಪತ್ತೊಂದು" ಎಂದು ಹೇಳಿ ಎಲ್ಲರನ್ನೂ ಸರಸರನೆ ಕಳಿಸುತ್ತಿದ್ದಳು. ಎಲ್ಲರೂ ತಮ್ಮ ನೋಟು ಒಳ್ಳೆಯದು ಎಂದು ಒಪ್ಪಿಸಲು ಬಂದವರು. ಮಾಸ್ತರರು ಕಿಂಡಿಯ ಮುಂದೆ ಕೂತು ನೋಟು ಒಳಗೆ ತಳ್ಳಿದರು.

"ಇದು ಹರಿದ ನೋಟು ಅಂತ ಹೇಳಿಬಿಡಮ್ಮ, ಸಾಕು."

ಅವಳು ನೋಟನ್ನು ನೋಡಿದಳು. "ಹರಿದಿಲ್ಲವಲ್ಲ ಸಾರ್."

"ಹರಿದಿದೆ. ನಾನೇ ಕತ್ತರಿಸಿದ್ದು."

"ಚೆನ್ನಾಗಿದೆ ಸಾರ್ ನೋಟು. ತಗೊಂಡು ಹೋಗಿ ಖರ್ಚು ಮಾಡಿ."

"ಕೇಳಿಸ್ತಾ?" ಎಂದ ಹಿಂದಿನಿಂದ ಲಾಂಡ್ರಿಯವನು. "ನಂಬರು ನೋಡಮ್ಮ, ನಂಬರು!"

ಹುಡುಗಿ ನಂಬರು ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಗೋಡೆಯ ಮೇಲಿನ ಮೂವತ್ತು ಪ್ರಶ್ನೆಗಳನ್ನು ಮೇಲಿಂದ ಕೆಳಗೆ ಓದಿದಳು. ಆ ಕುರ್ಚಿಯಲ್ಲಿ ಕೂತ ಆರು ವರ್ಷದಲ್ಲಿ ಅವಳ ಮುಖ ಪೆಚ್ಚಾದದ್ದು ಅದೇ ಮೊದಲು. "ಸಾರ್," ಎಂದು ಒಳಗೆ ಕೂಗಿದಳು, "ಇವರ ಪ್ರಶ್ನೆ ನಮ್ಮ ಫಲಕದಲ್ಲಿಲ್ಲ!"

ಒಳಗಿನಿಂದ ಅಧಿಕಾರಿ ಬಂದರು. ಫಲಕದಲ್ಲಿಲ್ಲದ ಪ್ರಶ್ನೆ ಕೇಳುವ ಸಾರ್ವಜನಿಕರ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ನೋಟನ್ನು ದೀಪದ ಮೇಲಿಟ್ಟರು, ಭೂತಗನ್ನಡಿ ಹಿಡಿದರು. ನೀರುಗುರುತು ಸರಿಯಿತ್ತು, ಭದ್ರತಾ ದಾರ ಸರಿಯಿತ್ತು. ನೋಟು ಪರೀಕ್ಷಿಸುವ ಯಂತ್ರಕ್ಕೆ ಹಾಕಿದರೆ ಅದು ಒಂದೇ ಉಸಿರಿಗೆ ನುಂಗಿ ಒಳ್ಳೆಯ ನೋಟುಗಳ ತಟ್ಟೆಗೆ ಹಾಕಿತು. ಅಧಿಕಾರಿಯ ಹಣೆಯಲ್ಲಿ ಬೆವರು ಮೂಡಿತು.

"ನೋಟು ಅಸಲಿ. ಜೋಡಣೆ ಇಲ್ಲ. ನಂಬರು ಎರಡು." ಅವರು ದನಿ ತಗ್ಗಿಸಿದರು. "ಅಂದಮೇಲೆ ಇದು ನಮ್ಮ ಮುದ್ರಣಾಲಯದ್ದೇ ತಪ್ಪು."

"ಮುದ್ರಣಾಲಯದ್ದಲ್ಲ ಸ್ವಾಮಿ, ನನ್ನದು!"

"ಸುಮ್ಮನಿರಿ ಯಜಮಾನ್ರೇ," ಎಂದು ಅಧಿಕಾರಿ ಫೋನು ಎತ್ತಿಕೊಂಡು ಐದನೇ ಮಹಡಿಯ ದೊಡ್ಡ ಮೇಡಂಗೆ ಸುದ್ದಿ ಮುಟ್ಟಿಸಿದರು. ಮೇಡಂ ಖುದ್ದಾಗಿ ನೋಡಲು ಇಳಿದು ಬರುತ್ತಾರಂತೆ. ಲಿಫ್ಟು ಕೆಟ್ಟಿತ್ತು, ಮೊಣಕಾಲು ನೋವಿನವರು, ಹತ್ತು ನಿಮಿಷವಾದರೂ ಬೇಕು.

ಆ ಹತ್ತು ನಿಮಿಷದಲ್ಲಿ ಆದದ್ದೇ ಎಲ್ಲ. ಸಾಲಿನಲ್ಲಿ ಹಳೇ ನಾಣ್ಯದ ಡಬ್ಬಿ ಹಿಡಿದು ಕೂತಿದ್ದ ಸಂಗ್ರಾಹಕನೊಬ್ಬ ಎದ್ದು ಬಂದು, ನೋಟನ್ನು ಕಂಡು, ಎದೆಯ ಮೇಲೆ ಕೈಯಿಟ್ಟುಕೊಂಡ. "ತಪ್ಪು ಅಚ್ಚಿನ ನೋಟು! ಇಂಥದ್ದಕ್ಕೆ ಇಪ್ಪತ್ತು ವರ್ಷದಿಂದ ಕಾಯ್ತಿದ್ದೀನಿ. ಐವತ್ತು ಸಾವಿರ ಕೊಡ್ತೀನಿ. ಈಗಲೇ."

ಮಾಸ್ತರರ ಹೆಂಡತಿಗೆ ಗಂಡನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ. "ರೀ," ಎಂದರು ಮೆತ್ತಗೆ, "ಕೊಟ್ಟುಬಿಡ್ರೀ."

ಅಷ್ಟರಲ್ಲಿ ಲಾಂಡ್ರಿಯವನು ನಡುವೆ ನುಗ್ಗಿದ. "ಅವರು ಕೊಡೋಕೆ ನೋಟು ಯಾರದ್ದು? ನನ್ನ ಡ್ರಾಯರಿನಲ್ಲಿ ಇದ್ದದ್ದು! ಚಿಲ್ಲರೆ ಇನ್ನೂ ವಾಪಸ್ ಬಂದಿಲ್ಲ, ಅಂದಮೇಲೆ ನೋಟು ನಂದು. ನಾನು ಮೊದಲೇ ಹೇಳಿದ್ದೆ ಸಾರ್, ಇದು ಅಚ್ಚಿನ ತಪ್ಪು ಅಂತ."

"ನೀವು ಕಳ್ಳನೋಟು ಅಂದ್ರಿ!" ಎಂದರು ಮಾಸ್ತರರು.

"ಅದು ಪ್ರೀತಿಗೆ ಅಂದಿದ್ದು ಮಾಸ್ಟ್ರೇ." 'ನೀನು' ಮತ್ತೆ 'ಮಾಸ್ಟ್ರೇ' ಆಗಿತ್ತು. ಲಾಂಡ್ರಿಯವನು ಅವರ ಹೆಗಲಿಗೆ ಕೈ ಹಾಕಿ ಪಕ್ಕಕ್ಕೆ ಕರೆದು, "ನೋಡಿ, ಅರ್ಧ ಅರ್ಧ. ರಫೂ ಅನ್ನೋ ಮಾತೊಂದು ಬಿಟ್ಟುಬಿಡಿ. ನನ್ನ ಅಂಗಡಿಯ ಕೆಲಸವೆಲ್ಲ ನಿಮಗೇ, ಸಾಯೋತನಕ," ಎಂದ.

ಅಧಿಕಾರಿಗೆ ಇವರ ಹಂಚಿಕೆ ಇಷ್ಟವಾಗಲಿಲ್ಲ. "ನೋಟು ಹೊರಗೆ ಹೋಗೋ ಹಾಗಿಲ್ಲ. ಹೊಸ ಐನೂರರ ನೋಟು ಕೊಡ್ತೀವಿ. ಜೊತೆಗೆ ಮುದ್ರಣದ ದೋಷಕ್ಕೆ ವಿಷಾದ ಅಂತ ಪತ್ರ ಕೊಡ್ತೀವಿ, ಮೊಹರು ಹಾಕಿ."

ಇದು ಮಾತ್ರ ಮಾಸ್ತರರಿಗೆ ತಡೆಯಲಾಗಲಿಲ್ಲ. ಲಾಂಡ್ರಿಯವನು ಕಳ್ಳ ಅಂದಾಗ ನುಂಗಿಕೊಂಡಿದ್ದರು. ಆದರೆ ಅವರ ಜೀವಮಾನದ ಕೆಲಸವನ್ನು ದೋಷ ಎಂದು ಕರೆದು, ಆ ದೋಷವನ್ನೂ ಯಾವುದೋ ಯಂತ್ರದ ಲೆಕ್ಕಕ್ಕೆ ಬರೆದು, ಮೇಲೆ ಮೊಹರು ಹಾಕಿ ಕೊಡುತ್ತಾರಂತೆ! ಅವರು ಎದ್ದು ನಿಂತರು. ಅಲ್ಲಿ ತಲೆಗೆ ತಾಗುವ ಮೆಟ್ಟಿಲಿರಲಿಲ್ಲ. ಅವರು ಸಾಕಷ್ಟು ಎತ್ತರದ ಆಳು ಎಂಬುದು ಹೆಂಡತಿಗೂ ಮರೆತುಹೋಗಿತ್ತು.

"ನೀವು ಯಾಕೆ ವಿಷಾದ ಪಡ್ತೀರಿ ಸ್ವಾಮಿ? ಮಾಡಿದವನು ನಾನು, ನನಗೆ ವಿಷಾದ ಇಲ್ಲ! ಇದು ಹತ್ತಿ, ನಿಮ್ಮ ಪುಸ್ತಿಕೆಯಲ್ಲೇ ಇದೆ. ಹತ್ತಿ ಹರಿದರೆ ನಾನು ಹೊಲೀತೀನಿ. ಹೊಲಿದಿದ್ದೀನಿ. ಹಾಗಂತ ಬರೀರಿ."

ಅಧಿಕಾರಿ ಹತ್ತಿರ ಬಂದು ಗುಟ್ಟಾಗಿ ಹೇಳಿದರು. "ಯಜಮಾನ್ರೇ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಎರಡು ನೋಟಿನ ತುಂಡು ಕೂಡಿಸಿ ಚಲಾಯಿಸಿದೆ ಅಂದ್ರೆ ಕೇಸಾಗುತ್ತೆ, ಗೊತ್ತಾ?"

"ಆಗಲಿ. ಕೇಸಿನಲ್ಲಿ ನನ್ನ ಹೆಸರು ಬರೀತೀರಿ ತಾನೇ?"

"ಬರೀಲೇಬೇಕಲ್ಲ!"

"ಹಾಗಾದರೆ ಬರೀರಿ. ದಪ್ಪ ಅಕ್ಷರದಲ್ಲಿ ಬರೀರಿ. ಕಸುಬು ಅನ್ನೋ ಕಡೆ ರಫೂ ಅಂತ ಹಾಕಿ."

"ಇವರಿಗೆ ತಲೆ ಸರಿ ಇಲ್ಲ ಸಾರ್," ಎಂದ ಲಾಂಡ್ರಿಯವನು. "ಅರವತ್ತು ಸಾವಿರ!" ಎಂದ ಸಂಗ್ರಾಹಕ. "ಬಾಯಿ ಮುಚ್ಕೊಂಡು ತಗೊಳ್ರೀ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದರು ಹೆಂಡತಿ. ನಾಣ್ಯದ ಚೀಲದವರು ಸಹ, ಇವರಿಗೇನೂ ಸಂಬಂಧವಿಲ್ಲದವರು, "ಅಷ್ಟೊಂದು ಹಟ ಯಾಕೆ ಯಜಮಾನ್ರೇ?" ಎಂದು ಬುದ್ಧಿ ಹೇಳಿದರು. ಆ ಕೋಣೆಯಲ್ಲಿ ನೋಟು ಹೊಲಿದದ್ದು ಎಂದು ನಂಬಿದವರು ಒಬ್ಬರೇ, ಅವರಿಗೂ ಹೊಲಿಗೆ ಕಾಣುತ್ತಿರಲಿಲ್ಲ.

ಆದರೆ ಗಂಟು ಎಲ್ಲಿದೆ ಎಂದು ಗೊತ್ತಿತ್ತು. ಕೈ ಮರೆಯುವುದಿಲ್ಲ. ಮಾಸ್ತರರು ತಟ್ಟೆಯಿಂದ ನೋಟು ಎತ್ತಿಕೊಂಡರು, ಕಾಲರಿನಲ್ಲಿ ಸದಾ ಚುಚ್ಚಿರುವ ಸೂಜಿ ತೆಗೆದರು, ಮೇಲಿನ ಅಂಚಿನಲ್ಲಿ ಒಂದು ಕಡೆ ತುದಿ ಊರಿ ಮೀಟಿದರು. ಏನೋ ಒಂದು ಎಳೆ, ಇದೆಯೋ ಇಲ್ಲವೋ ಎಂಬಂಥದ್ದು, ಬೆರಳಿಗೆ ಸಿಕ್ಕಿತು. ಎಳೆದರು.

ಸರ್ರೆಂದು ಗೇಣುದ್ದದ ಎಳೆ ಬಂತು. ನೋಟು ಎರಡಾಗಿ ಮೇಜಿನ ಮೇಲೆ ಬಿತ್ತು.

ಸಂಗ್ರಾಹಕ "ಅಯ್ಯೋ!" ಎಂದು ಕೂತುಬಿಟ್ಟ. ಕೌಂಟರಿನ ಹುಡುಗಿ ಕುರ್ಚಿಯಿಂದ ಎದ್ದು ಬಂದು ಎಳೆಯನ್ನು ಬೆಳಕಿಗೆ ಹಿಡಿದಳು. "ಸಾರ್, ಯಂತ್ರ ಕೂಡ ಕಂಡುಹಿಡೀಲಿಲ್ಲ," ಎಂದಳು. ಲಾಂಡ್ರಿಯವನು ಒಮ್ಮೆ ಎಳೆಯನ್ನು, ಒಮ್ಮೆ ಮಾಸ್ತರರನ್ನು ನೋಡಿದ. ಕೊನೆಗೆ, "ಬ್ಯಾಂಕಿನವರು ಬರೆದುಕೊಡಲಿ, ಆಮೇಲೆ ಒಪ್ತೀನಿ," ಎಂದ. ಅರವತ್ತು ಸಾವಿರ ಕೈತಪ್ಪಿದವನ ಸಿಟ್ಟು ಅದು.

ಅಧಿಕಾರಿ ಅಳತೆಪಟ್ಟಿ ತಂದು ಎರಡು ತುಂಡನ್ನೂ ಅಳೆದರು. ಹದಿನಾಲ್ಕನೇ ಪ್ರಶ್ನೆಯ ಪ್ರಕಾರ ಹರಿದ ನೋಟಿಗೆ ಬೆಲೆ ಸಿಗಲು ಒಂದೇ ನೋಟಿನ ಅರ್ಧಕ್ಕಿಂತ ಹೆಚ್ಚು ಭಾಗ ಇರಬೇಕು. ಇಲ್ಲಿ ಎರಡೂ ಬೇರೆ ಬೇರೆ ನೋಟಿನ ತುಂಡು, ಎರಡೂ ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ. "ಬೆಲೆ ಸೊನ್ನೆ," ಎಂದರು. ಕೇಸು ಹಾಕಲು ಕೂಡಿಸಿದ ನೋಟು ಬೇಕು, ಅದೀಗ ಇಲ್ಲ. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಕೋಲಿನ ಸದ್ದು ಕೇಳಿತು. ಮೇಡಂ ಎರಡನೇ ಮಹಡಿಗೆ ಬಂದಿದ್ದರು.

ಅಧಿಕಾರಿಯ ಮುಖ ಬಿಳುಚಿಕೊಂಡಿತು. ಜೋಡಣೆಯೇ ಇಲ್ಲ ಎಂದು ತಮ್ಮ ಬಾಯಿಂದಲೇ ಫೋನಿನಲ್ಲಿ ಹೇಳಿದ್ದರು. ಮೊಣಕಾಲು ನೋವಿನವರನ್ನು ಐದು ಮಹಡಿ ಇಳಿಸಿ ಎರಡು ಚೂರು ತೋರಿಸುವುದೇ? ಅವರು ಮಾಸ್ತರರ ಎರಡೂ ಕೈ ಹಿಡಿದುಕೊಂಡರು.

"ಮಾಸ್ಟ್ರೇ, ನಿಮ್ಮ ದಮ್ಮಯ್ಯ. ಮೊದಲು ಹೇಗಿತ್ತೋ ಹಾಗೇ ಕೂಡಿಸಿಕೊಡಿ. ಮೇಡಂ ನೋಡಿ ಹೋಗಲಿ."

"ಎರಡು ಮಧ್ಯಾಹ್ನದ ಕೆಲಸ ಅದು."

"ಹೇಗಾದರೂ ಮಾಡಿ!"

"ಮೊದಲು ಬರೀರಿ. ಇದು ಹೊಲಿದದ್ದು, ಹೊಲಿದವರು ಇಂಥವರು ಅಂತ."

"ಅದು ಹೇಗೆ ಬರೀಲಿ? ಅಂಥ ಫಾರಮ್ಮೇ ನಮ್ಮಲ್ಲಿಲ್ಲ!"

ಕೋಲಿನ ಸದ್ದು ಒಂದನೇ ಮಹಡಿಗೆ ಇಳಿಯಿತು. ಮಾಸ್ತರರು ತಮ್ಮ ಸಣ್ಣ ಸೂಜಿಯನ್ನು ಕಾಲರಿಗೆ ಮತ್ತೆ ಚುಚ್ಚಿಕೊಂಡರು.

"ಫೈಲು ಹೊಲಿಯೋ ದಬ್ಬಳ ಇದೆಯಾ?"

ಕೌಂಟರಿನ ಹುಡುಗಿ ಓಡಿಹೋಗಿ ತಂದಳು.

"ದಾರ? ಫೈಲು ಕಟ್ಟೋ ಕೆಂಪು ದಾರ ಇರುತ್ತಲ್ಲ, ಅದು ಕೊಡಮ್ಮ."

"ಅದು ದಪ್ಪ ಆಗುತ್ತೆ ಮಾಸ್ಟ್ರೇ! ಕಾಣುತ್ತೆ!" ಎಂದು ಅಧಿಕಾರಿ ಕಿರುಚಿದರು.

"ಕಾಣಲಿ. ಮೂವತ್ತೆರಡು ವರ್ಷ ಕಾಣದ ಹಾಗೆ ಹೊಲಿದು ನನಗೆ ಸಾಕಾಗಿದೆ. ಲೇ, ಇಲ್ಲಿ ಬಾ, ಈ ತುದಿ ಹಿಡ್ಕೋ."

ಹೆಂಡತಿ ಬಂದರು. ಬೈಯುತ್ತಲೇ ಬಂದರು. ಆದರೆ ಎರಡು ತುಂಡನ್ನೂ ಎರಡೂ ಕೈಯಿಂದ ನೇರ ಹಿಡಿದರು. ಬೆರಳು ಅಲುಗಲಿಲ್ಲ. ಮಾಸ್ತರರು ಹೊಲಿದರು. ಬೆರಳಗಲದ ಹೊಲಿಗೆ, ಹಾಸಿಗೆ ಹೊಲಿದ ಹಾಗೆ, ಈ ಕಡೆಯಿಂದ ಆ ಕಡೆಗೆ ಅಡ್ಡಡ್ಡ, ಕೆಂಪಗೆ. ಮೇಲೊಂದು ಗಂಟು ಹಾಕಿದರು, ಕೆಳಗೊಂದು ಗಂಟು ಹಾಕಿದರು, ಉಳಿದ ದಾರವನ್ನು ಕತ್ತರಿಸದೆ ಹಾಗೇ ಜೋಲಾಡಲು ಬಿಟ್ಟರು. ಅಧಿಕಾರಿ ಕೈಯಿಂದ ಮುಖ ಮುಚ್ಚಿಕೊಂಡರು. ಲಾಂಡ್ರಿಯವನಿಗೆ ಇನ್ನು ಯಾರೂ ಏನೂ ಬರೆದುಕೊಡುವ ಅಗತ್ಯ ಇರಲಿಲ್ಲ.

ಬಾಗಿಲು ತೆರೆಯಿತು. ದೊಡ್ಡ ಮೇಡಂ ಕೋಲೂರಿ ಏದುಸಿರು ಬಿಡುತ್ತ ನಿಂತರು. ಅಲ್ಲಿಂದ ಮೇಜಿಗೆ ಹದಿನೈದು ಹೆಜ್ಜೆಯಾದರೂ ಇತ್ತು. ಅವರಿನ್ನೂ ಕನ್ನಡಕ ಹಾಕಿಕೊಂಡಿರಲಿಲ್ಲ.

"ಯಾರ್ರೀ ಇದನ್ನ ಹೊಲಿದದ್ದು?" ಎಂದು ಬಾಗಿಲಿನಿಂದಲೇ ಗುಡುಗಿದರು.

ಮಾಸ್ತರರು ದಬ್ಬಳ ಕೆಳಗಿಟ್ಟು, ಅಂಗಿ ಜಗ್ಗಿ ಸರಿಮಾಡಿಕೊಂಡು, ಒಂದು ಹೆಜ್ಜೆ ಮುಂದೆ ಬಂದರು.

"ನಾನು," ಎಂದರು. ಸಾಲಿನ ಕೊನೆಯಲ್ಲಿ ಕೂತವರಿಗೆ ಕೇಳಿಸಿತೋ ಇಲ್ಲವೋ ಎಂದು ಅನುಮಾನ ಬಂದು, ಇನ್ನೊಂದು ಸಲ ಜೋರಾಗಿ ಹೇಳಿದರು, "ನಾನೇ!"